ಟ್ರಾಲಿಗೆ ಯಾವ ಟೈರ್: ಹೊಸದೋ, ರೀಸೋಲೋ, ಹಳೆ ಲಾರಿಯದೋ?

ನಮ್ಮದು ಅಫಜಲಪುರ ತಾಲೂಕು, ಭೀಮಾ ದಂಡೆಯ ಊರು. ಮನೆಯಲ್ಲಿ ಒಂದು ಟ್ರ್ಯಾಕ್ಟರ್, ನಾಲ್ಕು ಗಾಲಿಯ ಎರಡು ಟ್ರಾಲಿ ಇವೆ. ಕಬ್ಬಿನ ಹಂಗಾಮು ಶುರುವಾದರೆ ಎರಡನ್ನೂ ಒಂದರ ಹಿಂದೆ ಒಂದು ಕಟ್ಟಿ ಫ್ಯಾಕ್ಟರಿಗೆ ಹೊಡೆಯುತ್ತೇವೆ. ನಡುವೆ ತೊಗರಿ ರಾಶಿ. ಬೇಸಿಗೆಯಲ್ಲಿ ತಿಪ್ಪೆ ಗೊಬ್ಬರ. ಊರಲ್ಲಿ ಯಾರಾದರೂ ಮನೆ ಕಟ್ಟಿಸಿದರೆ ಇಟ್ಟಿಗೆ, ಶಾಬಾದಿ ಕಲ್ಲು. ಎಂಟು ಗಾಲಿ, ಮೇಲೆ ಒಂದು ಸ್ಟೆಪ್ನಿ. ಈ ಒಂಬತ್ತು ಜಾಗಕ್ಕೆ ಹೊಸ ಟೈರ್ ಹಾಕಿ ನೋಡಿದ್ದೇವೆ, ರೀಸೋಲ್ (ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸಿದ್ದು) ಹಾಕಿ ನೋಡಿದ್ದೇವೆ, ಲಾರಿಯಿಂದ ಬಿಚ್ಚಿದ್ದನ್ನೂ ಹಾಕಿ ನೋಡಿದ್ದೇವೆ. ಟ್ರ್ಯಾಕ್ಟರಿನ ದೊಡ್ಡ ಟೈರ್ ತರುವಾಗ ನಾಲ್ಕು ಜನರನ್ನು ಕೇಳುತ್ತೇವೆ. ಟ್ರಾಲಿ ಟೈರ್ ಅಂದರೆ ಮಾತ್ರ ‘ಯಾವುದೋ ಒಂದು ಹಾಕು’ ಅಂತೀವಿ, ಅಲ್ವಾ? ನಾನೂ ಹಾಗೇ ಅಂದವನು.

ಯಾವುದು ಒಳ್ಳೆಯದು ಅಂತ ನೋಡುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಲಾರಿ ಟೈರ್ ಸವೆದು ಹೋಗುತ್ತದೆ. ಟ್ರಾಲಿ ಟೈರ್ ಮುದಿಯಾಗಿ ಹೋಗುತ್ತದೆ. ಲಾರಿ ದಿನಾ ಓಡುತ್ತದೆ, ಗ್ರಿಪ್ ಬೇಗ ಖಾಲಿ. ನಮ್ಮ ಟ್ರಾಲಿ ನವೆಂಬರಿನಿಂದ ಮಾರ್ಚ್‌ವರೆಗೆ ಮೈಮುರಿದು ದುಡಿದು, ಉಳಿದ ತಿಂಗಳು ಮನೆ ಮುಂದೆ ಬಿಸಿಲಲ್ಲಿ ನಿಂತಿರುತ್ತದೆ. ಗ್ರಿಪ್ ಅರ್ಧ ಉಳಿದಿರುತ್ತದೆ, ಆದರೆ ಸೈಡ್ ನೋಡಿದರೆ ಏಪ್ರಿಲ್‌ನ ಎರೆ ಹೊಲದ ಹಾಗೆ ಬಿರುಕು ಬಿಟ್ಟಿರುತ್ತದೆ. ಟೈರಿನ ರಬ್ಬರಿಗೆ ಮೇಣದಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ಗಾಲಿ ಉರುಳುತ್ತಾ ರಬ್ಬರ್ ಮಣಿಯುತ್ತಿದ್ದರೆ ಅದು ಒಳಗಿಂದ ಮೇಲಕ್ಕೆ ಬಂದು ಬಿಸಿಲು, ಗಾಳಿಯಿಂದ ಟೈರನ್ನು ಕಾಯುತ್ತದೆ. ನಿಂತ ಗಾಲಿಗೆ ಆ ಭಾಗ್ಯ ಇಲ್ಲ. ಮೇಲಿಂದ ಕಲಬುರಗಿಯ ಮೇ ತಿಂಗಳು, 42-43 ಡಿಗ್ರಿ.

ಅದಕ್ಕೇ ಗ್ರಿಪ್ ಎಷ್ಟಿದೆ ಅಂತ ಬೆರಳು ತೂರಿಸಿ ನೋಡುವ ನಮ್ಮ ಹಳೇ ಅಭ್ಯಾಸ ಟ್ರಾಲಿ ವಿಷಯದಲ್ಲಿ ಅರ್ಧ ಕೆಲಸಕ್ಕೆ ಮಾತ್ರ ಬರುತ್ತದೆ. ಮೊದಲು ನೋಡಬೇಕಾದ್ದು ಹುಟ್ಟಿದ ತಾರೀಖು.

ತಾರೀಖು ಎಲ್ಲಿರುತ್ತದೆ

ಟೈರಿನ ಸೈಡಿನಲ್ಲಿ ಡಿ, ಓ, ಟಿ ಅನ್ನುವ ಇಂಗ್ಲಿಷ್ ಅಕ್ಷರಗಳ ಸಾಲು ಹುಡುಕಿ. ಆ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2322 ಅಂತ ಇದ್ದರೆ 2022ರ 23ನೇ ವಾರ, ಅಂದರೆ ಜೂನ್ ತಿಂಗಳು. ಎಷ್ಟೋ ಟೈರ್‌ಗಳಲ್ಲಿ ಇದು ಒಂದೇ ಸೈಡಿಗೆ ಇರುತ್ತದೆ.

ಎರಡು ವರ್ಷದ ಹಿಂದೆ ಕಲಬುರಗಿಯ ರಿಂಗ್ ರೋಡಿನ ಒಂದು ಅಂಗಡಿಗೆ ಹೋಗಿದ್ದೆ. ಟೈರ್‌ಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಎದುರಿಗೆ ಕಾಣುವ ಸೈಡಿನಲ್ಲಿ ಅಂಕಿ ಇಲ್ಲ. ‘ಮಾಲ್ ಹೊಸಾದ ಅದರಿ, ಮೊನ್ನೆನೇ ಇಳಿಸೀವಿ’ ಅಂದ ಅಂಗಡಿಯವ. ನಾನು ಒಂದನ್ನು ಹೊರಳಿಸಿ, ಧೂಳಿನ ಮೇಲೆ ಹೆಬ್ಬೆರಳು ಎಳೆದೆ. ಅಂಕಿ ಬಂತು. ಮೂರು ವರ್ಷ ದಾಟಿತ್ತು. ತೋರಿಸಿದೆ. ಅವನೇನೂ ನಾಚಲಿಲ್ಲ. ‘ಟೈರೇನ್ ಹಾಲೇನ್ರಿ ಸಾವ್ಕಾರ್ರ, ಕೆಡ್ಲಿಕ್ಕಿ?’ ಅಂದ.

ಅವನ ಮಾತಿನಲ್ಲಿ ಸ್ವಲ್ಪ ನಿಜ ಇದೆ. ನೆರಳಿನ ಗೋದಾಮಿನಲ್ಲಿ ಟೈರ್ ನಿಧಾನಕ್ಕೆ ಮುದಿಯಾಗುತ್ತದೆ, ನಮ್ಮ ಅಂಗಳದಲ್ಲಿ ಬೇಗ. ಆದರೆ ಹೊಸದರ ದುಡ್ಡು ಕೊಟ್ಟು ಮೂರು ವರ್ಷ ಕಳೆದದ್ದನ್ನು ತರುವುದು ಯಾಕೆ? ಒಂದು ವರ್ಷದ ಒಳಗಿನದು ಕೇಳಿ. ಅದಕ್ಕಿಂತ ಹಳೆಯದಾದರೆ ರೇಟ್ ಇಳಿಸಿ ಅನ್ನಿ, ಇಲ್ಲ ಬಿಟ್ಟು ಬನ್ನಿ. ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಇಳಿದಿದೆ. ಅದಕ್ಕಿಂತ ಹಿಂದಿನ ರೇಟ್ ಪಟ್ಟಿ ತೋರಿಸಿದರೆ ಒಪ್ಪಬೇಡಿ, ಪಕ್ಕಾ ಬಿಲ್ ತಗೊಳ್ಳಿ. ಬಿಲ್ ಇಲ್ಲದಿದ್ದರೆ ಮುಂದೆ ಟೈರ್ ಉಬ್ಬಿದರೆ ಕಂಪನಿ ಕ್ಲೇಮ್ ಕೇಳಲು ಮುಖ ಇರುವುದಿಲ್ಲ.

ಕಾಟಾ ಚೀಟಿ ಹಿಡಿದು ಲೆಕ್ಕ

ನಮ್ಮ ಕಡೆ ಟ್ರಾಲಿಗಳಿಗೆ ಜಾಸ್ತಿ ಬಳಕೆಯಲ್ಲಿರುವ ಸೈಜ್ 9.00-16. ಒಂಬತ್ತು ಅಂದರೆ ಟೈರಿನ ಅಗಲ ಇಂಚಿನಲ್ಲಿ, ಹದಿನಾರು ಅಂದರೆ ಟೈರ್ ಕೂರುವ ಕಬ್ಬಿಣದ ಡಿಸ್ಕಿನ ಅಳತೆ. ನಡುವೆ ಅಡ್ಡಗೆರೆ ಇದ್ದರೆ ನೈಲಾನ್ ಟೈರ್, ಆರ್ ಅಕ್ಷರ ಇದ್ದರೆ ರೇಡಿಯಲ್. ಪಕ್ಕದಲ್ಲಿ 16 ಪಿಆರ್ ಅಂತ ಇದ್ದರೆ ಒಳಗೆ ಹದಿನಾರು ಪದರ ಇವೆ ಅಂತ ಅಲ್ಲ. ಹಳೇ ಕಾಲದ ಹತ್ತಿ ದಾರದ ಹದಿನಾರು ಪದರಕ್ಕೆ ಇದ್ದಷ್ಟು ತಾಕತ್ತು ಇದಕ್ಕಿದೆ ಅಂತ ಅರ್ಥ. ಎರಡು ಟೈರ್ ಒಂದೇ ಸೈಜ್ ಇದ್ದು ಒಂದರ ರೇಟ್ ತೀರಾ ಕಮ್ಮಿ ಇದ್ದರೆ ಈ ಪಿಆರ್ ಸಂಖ್ಯೆ ನೋಡಿ. ಗುಟ್ಟು ಅಲ್ಲೇ ಇರುತ್ತದೆ.

ಎಡಿವಿ ಅಂತ ಬರೆದ ಟೈರ್ ಕಂಡರೆ ಅದು ಎತ್ತಿನ ಗಾಡಿಗೆ ಮಾಡಿದ್ದು. ಟೈರ್ ಬಂಡಿಗೆ ಒಳ್ಳೆಯದೇ. ಎತ್ತಿನ ನಡಿಗೆಗೆ ಮಾಡಿದ ಟೈರನ್ನು ಟ್ರ್ಯಾಕ್ಟರಿಗೆ ಕಟ್ಟಿ ಡಾಂಬರಿನ ಮೇಲೆ ಎಳೆದರೆ ಅದು ಎಷ್ಟು ದಿನ ತಾಳೀತು?

ಇನ್ನು ಭಾರ. ಕೆಲವು ಟೈರ್ ಮೇಲೆ ಕೆಜಿ ಲೆಕ್ಕದಲ್ಲೇ ಬರೆದಿರುತ್ತಾರೆ. ಕೆಲವಕ್ಕೆ ಒಂದು ಸಂಖ್ಯೆ, ಪಕ್ಕದಲ್ಲಿ ಒಂದು ಅಕ್ಷರ. 130 ಅಂದರೆ ಒಂದು ಟೈರಿಗೆ 1,900 ಕೆಜಿ. 140 ಅಂದರೆ 2,500. 145 ಅಂದರೆ 2,900. 150 ಅಂದರೆ 3,350. ಪಕ್ಕದ ಅಕ್ಷರ ಎ6 ಇದ್ದರೆ ಗಂಟೆಗೆ 30 ಕಿಲೋಮೀಟರ್, ಎ8 ಇದ್ದರೆ 40, ಜೆ ಇದ್ದರೆ 100.

ಈಗ ಫ್ಯಾಕ್ಟರಿಯ ಕಾಟಾ ಚೀಟಿ, ಅಂದರೆ ತೂಕದ ಚೀಟಿ ತೆಗೆಯಿರಿ. ಒಂದು ಟ್ರಾಲಿಯ ಒಟ್ಟು ತೂಕ 12 ಟನ್ ಅಂತ ಇಟ್ಟುಕೊಳ್ಳಿ. ನಾಲ್ಕು ಗಾಲಿಗೆ ಹಂಚಿದರೆ ತಲಾ 3 ಟನ್. ಅಲ್ಲಿಗೇ 140ರ ಟೈರ್ ಸೋತಿತು. ಭಾರ ಸಮನಾಗಿ ಹಂಚಿಕೆ ಆಗುವುದೂ ಇಲ್ಲ. ಹಿಂದಿನ ಎರಡು ಗಾಲಿಗಷ್ಟೇ 7 ಟನ್ ಬಿದ್ದರೆ ತಲಾ ಮೂರೂವರೆ. ಹೊಲದಿಂದ ರೋಡಿಗೆ ಹತ್ತುವಾಗ ಟ್ರಾಲಿ ಒಂದು ಕಡೆ ವಾಲಿದರೆ ಕೆಳಗಿನ ಗಾಲಿಗೆ ಇನ್ನೂ ಜಾಸ್ತಿ. ವೇಗ ಕಮ್ಮಿ ಇದ್ದರೆ ಕಂಪನಿಯ ಪಟ್ಟಿಯಲ್ಲಿ ಸ್ವಲ್ಪ ಹೆಚ್ಚಿನ ಭಾರಕ್ಕೆ ಅವಕಾಶ ಇರುತ್ತದೆ, ಅದು ಸರಿ. ಆದರೆ ಆ ಸ್ವಲ್ಪವನ್ನು ನಾವು ಯಾವತ್ತೋ ತಿಂದು ಮುಗಿಸಿರುತ್ತೇವೆ. ಕಾಟಾ ಖಾಲಿ ಇದ್ದಾಗ ಒಮ್ಮೆ ಹಿಂದಿನ ಗಾಲಿ ಮಾತ್ರ ಹತ್ತಿಸಿ ತೂಗಿಸಿ ನೋಡಿ. ಕಾಟಾ ಹುಡುಗ ಗೊಣಗುತ್ತಾನೆ, ಚಹಾ ಕುಡಿಸಿದರೆ ಮಾಡಿಕೊಡುತ್ತಾನೆ. ಎರಡು ಗಾಲಿಯ ಟ್ರಾಲಿ ಇದ್ದವರಿಗೆ ಭಾರದ ಒಂದು ಪಾಲು ಟ್ರ್ಯಾಕ್ಟರಿನ ಕೊಂಡಿ ಮೇಲೆ ಬೀಳುತ್ತದೆ. ಆದರೂ ಉಳಿದದ್ದು ಪೂರ್ತಿ ಎರಡೇ ಟೈರ್ ಮೇಲೆ. ಅಂಥವರಿಗೆ ರೀಸೋಲ್, ಸೆಕೆಂಡ್ ಹ್ಯಾಂಡ್ ಮಾತೇ ಬೇಡ ಅನ್ನುತ್ತೇನೆ ನಾನು.

ಹೊಸ ನೈಲಾನ್, ಹೊಸ ರೇಡಿಯಲ್

ಎಂಆರ್‌ಎಫ್, ಅಪೋಲೊ, ಸಿಯಟ್, ಜೆಕೆ, ಬಿಕೆಟಿ. ಹೆಸರುಗಳು ನಿಮಗೆ ಗೊತ್ತು. ಯಾವ ಕಂಪನಿ ಅನ್ನುವ ಜಗಳ ಕಟ್ಟೆ ಮೇಲೆ ಕೂತು ಆಡಲು ಚೆನ್ನಾಗಿರುತ್ತದೆ. ಇವುಗಳ ನಡುವಿನ ಫರಕಿಗಿಂತ ಒಂದೇ ಕಂಪನಿಯ ಹೊಸ ತಾರೀಖು ಮತ್ತು ಹಳೆ ತಾರೀಖಿನ ನಡುವಿನ ಫರಕೇ ದೊಡ್ಡದು ಅನ್ನುವುದು ನನ್ನ ಅನುಭವ. ನಿಮ್ಮ ಊರಿಗೆ ಹತ್ತಿರ ಯಾವ ಕಂಪನಿಯ ಡೀಲರ್ ಇದ್ದಾನೋ, ಕ್ಲೇಮ್ ಕೇಳಿದರೆ ಯಾರು ಫೋನ್ ಎತ್ತುತ್ತಾನೋ ಅದನ್ನು ತಗೊಳ್ಳಿ.

ನೈಲಾನ್ ಟೈರಿನಲ್ಲಿ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾದು, ಸೈಡಿನವರೆಗೂ ದಪ್ಪಗೆ ಬಂದಿರುತ್ತವೆ. ಅದಕ್ಕೇ ಸೈಡ್ ಗಟ್ಟಿ. ಕಲ್ಲು ತಗಲಿದರೂ, ತೊಗರಿ ಕೂಳೆ ಗೀರಿದರೂ ತಡೆದುಕೊಳ್ಳುತ್ತದೆ. ತೊಗರಿ ಕೂಳೆ ಅಂದರೆ ಸಣ್ಣದು ಅಂದುಕೊಳ್ಳಬೇಡಿ. ಕುಡಗೋಲಿನಿಂದ ಓರೆಯಾಗಿ ಕೊಯ್ದ ಕಟ್ಟಿಗೆ ಒಣಗಿ ನಿಂತರೆ ಭರ್ಚಿ ಇದ್ದ ಹಾಗೆ. ರಾಶಿ ದಿನ ಹೊಲಕ್ಕೆ ಇಳಿದ ಟ್ರಾಲಿ ಪಂಚರ್ ಇಲ್ಲದೆ ಬಂದರೆ ಪುಣ್ಯ. ನೈಲಾನಿನ ಕೊರತೆ ಏನಂದರೆ ಆ ಪದರಗಳು ಒಂದಕ್ಕೊಂದು ತಿಕ್ಕಾಡಿ ಟೈರ್ ಬೇಗ ಕಾಯುತ್ತದೆ. ಎಳೆಯಲು ಡೀಸೆಲ್ ಕೂಡ ತುಸು ಜಾಸ್ತಿ.

ರೇಡಿಯಲ್ ತಣ್ಣಗೆ ಓಡುತ್ತದೆ, ಗ್ರಿಪ್ ಜಾಸ್ತಿ ದಿನ ಬರುತ್ತದೆ, ಹಗುರವಾಗಿ ಉರುಳುತ್ತದೆ. ಹೆದ್ದಾರಿ ಮೇಲೆ ದೂರ ಓಡುವ ಲಾರಿಗೆ ಇದೇ ಸರಿ. ಆದರೆ ಸೈಡ್ ತೆಳು. ನಮ್ಮ ಹೊಲದ ದಾರಿಯ ಕಲ್ಲು, ಬದುವಿನ ಮೂಲೆಗೆ ಅದೇ ಮೊದಲು ಸೀಳುತ್ತದೆ. ಸೈಡ್ ಸೀಳಿದರೆ ಪಂಚರ್ ಅಂಗಡಿಯವನ ಕೈಯಲ್ಲೂ ಏನಿಲ್ಲ. ಗ್ರಿಪ್ ಜಾಸ್ತಿ ದಿನ ಬರುತ್ತದೆ ಅನ್ನುವ ಲಾಭವೂ, ಗ್ರಿಪ್ ಸವೆಯುವ ಮೊದಲೇ ಮುದಿಯಾಗುವ ಟ್ರಾಲಿಗೆ ಅಷ್ಟಕ್ಕಷ್ಟೆ. ಹಾಗಾಗಿ ಹೊಲ ಮತ್ತು ರೋಡ್ ಎರಡೂ ತುಳಿಯುವ ಟ್ರಾಲಿಗೆ ನನ್ನ ಓಟು ನೈಲಾನಿಗೆ. ವರ್ಷಪೂರ್ತಿ ಡಾಂಬರ್ ಮೇಲೆಯೇ ಓಡಿಸುವವರಾದರೆ ರೇಡಿಯಲ್ ನೋಡಬಹುದು. ಒಂದೇ ಅಚ್ಚಿಗೆ (ಆಕ್ಸಲ್‌ಗೆ) ಒಂದು ನೈಲಾನ್, ಒಂದು ರೇಡಿಯಲ್ ಮಾತ್ರ ಹಾಕಬೇಡಿ.

ಗ್ರಿಪ್ ನಮೂನೆ ಬಗ್ಗೆ ಎರಡೇ ಮಾತು. ಟ್ರಾಲಿ ಗಾಲಿ ತಾನು ಎಳೆಯುವುದಿಲ್ಲ, ಎಳೆಸಿಕೊಳ್ಳುತ್ತದೆ. ಅದಕ್ಕೆ ದಪ್ಪ ಗುಬ್ಬಿಯ ಗ್ರಿಪ್ ಬೇಕಾಗಿಲ್ಲ. ಉದ್ದ ಗೆರೆಯದು ಹಗುರವಾಗಿ ಉರುಳುತ್ತದೆ, ಅಡ್ಡ ಜಾರುವುದೂ ಕಮ್ಮಿ.

ರೀಸೋಲ್

ಇಲ್ಲಿ ಸ್ವಲ್ಪ ಕೂತು ಮಾತಾಡಬೇಕು. ರೀಸೋಲ್ ಅಂದರೆ ಮೋಸ ಅಲ್ಲ. ಊರೂರಿಗೆ ಓಡುವ ಎಷ್ಟೋ ಲಾರಿ, ಬಸ್ಸು ರಬ್ಬರ್ ಹಾಕಿಸಿದ ಟೈರ್ ಮೇಲೆಯೇ ಓಡುತ್ತವೆ. ಮಾಡುವ ರೀತಿ ಎರಡು. ಒಂದು ಬಿಸಿ ಅಚ್ಚಿನದು: ಹಳೇ ಟೈರ್ ಉಜ್ಜಿ, ಹಸಿ ರಬ್ಬರ್ ಸುತ್ತಿ, ಅಚ್ಚಿನಲ್ಲಿಟ್ಟು ಸುಮಾರು 150 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಇನ್ನೊಂದು ಕೋಲ್ಡ್: ಮೊದಲೇ ಬೆಂದ ಗ್ರಿಪ್ ಪಟ್ಟಿಯನ್ನು ನಡುವೆ ಅಂಟು ರಬ್ಬರ್ ಕೊಟ್ಟು ಕೂರಿಸಿ, ಸುಮಾರು 100 ಡಿಗ್ರಿಯ ಕೊಠಡಿಯಲ್ಲಿ ಇಡುತ್ತಾರೆ. ಕೋಲ್ಡ್‌ನಲ್ಲಿ ಶಾಖ ಕಮ್ಮಿ, ಹಳೇ ದಾರಕ್ಕೆ ಪೆಟ್ಟು ಕಮ್ಮಿ. ಆಯ್ಕೆ ಇದ್ದರೆ ಕೋಲ್ಡ್ ಕೇಳಿ.

ತೊಂದರೆ ಇರುವುದು ಮೇಲಿನ ರಬ್ಬರಿನಲ್ಲಿ ಅಲ್ಲ, ಕೆಳಗಿನ ಹಳೇ ಟೈರಿನ ಮೈಯಲ್ಲಿ, ಅಂದರೆ ಕೇಸಿಂಗ್‌ನಲ್ಲಿ. ಲಾರಿಯವರು ಒಂದೆರಡು ವರ್ಷದ ಕೇಸಿಂಗಿಗೆ ರಬ್ಬರ್ ಹಾಕಿಸುತ್ತಾರೆ. ನಾವು ಎಂಟು ವರ್ಷ ಬಿಸಿಲಲ್ಲಿ ಒಣಗಿದ್ದಕ್ಕೆ ಹಾಕಿಸುತ್ತೇವೆ. ಮುದಿ ಎತ್ತಿಗೆ ಹೊಸ ಜೂಲು ಹೊದಿಸಿದ ಹಾಗೆ.

ನಾನು ಕಲಿತದ್ದು ಹೀಗೆ. ಡಿಸೆಂಬರ್ ರಾತ್ರಿ, ಹತ್ತೂವರೆ ಆಗಿತ್ತು. ಎರಡೂ ಟ್ರಾಲಿ ತುಂಬ ಕಬ್ಬು. ಹಿಂದಿನ ಟ್ರಾಲಿಯ ಎಡಗಡೆ ಹಿಂಗಾಲಿಗೆ ಆ ಹಂಗಾಮಿನಲ್ಲೇ ಹಾಕಿದ ರೀಸೋಲ್ ಇತ್ತು. ಮಾರಿದವನು ಕೇಸಿಂಗ್ ಎಲ್ಲಿಯದು ಅಂತ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊದಲು ಟಪ್ ಟಪ್ ಅಂತ ಸದ್ದು ಬಂತು, ಯಾರೋ ಚಪ್ಪಲಿಯಿಂದ ಟ್ರಾಲಿ ತಳ ಬಡಿದ ಹಾಗೆ. ನಿಲ್ಲಿಸಿ ಇಳಿಯಬೇಕು ಅನ್ನುವಷ್ಟರಲ್ಲಿ ಢಂ ಅಂತ ಸಿಡಿಯಿತು. ಬ್ಯಾಟರಿ ಹಿಡಿದು ನೋಡಿದರೆ ಗ್ರಿಪ್ ಪಟ್ಟಿ ಹಾವಿನ ಪೊರೆ ಹಾಗೆ ಹದಿನೈದು ಮಾರು ಹಿಂದೆ ರೋಡಲ್ಲಿ ಬಿದ್ದಿತ್ತು. ಪಟ್ಟಿಯ ಒಳಮೈ ನುಣ್ಣಗಿತ್ತು. ಸರಿಯಾಗಿ ಅಂಟಿದ್ದರೆ ಕೇಸಿಂಗಿನ ರಬ್ಬರನ್ನೂ ಕಿತ್ತುಕೊಂಡು ಬರಬೇಕಿತ್ತು. ರೋಡಿನ ಅಂಚು ಎರೆ ಮಣ್ಣು, ಸಂಜೆ ಯಾರೋ ನೀರು ಬಿಟ್ಟಿದ್ದರು. ಜ್ಯಾಕ್ ಇಟ್ಟರೆ ಟ್ರಾಲಿ ಏಳಲಿಲ್ಲ, ಜ್ಯಾಕೇ ಇಳಿಯಿತು. ಪಕ್ಕದ ಹೊಲದ ಗುಡಿಸಲಿನಿಂದ ಒಂದು ಶಾಬಾದಿ ಫರ್ಸಿ ತಂದು ಕೆಳಗೆ ಕೊಟ್ಟೆವು, ಅದು ಎರಡು ಹೋಳಾಯಿತು. ಕೊನೆಗೆ ಆ ಹೊಲದ ಕಾಕಾ ಒಂದು ಬೇವಿನ ದಿಮ್ಮಿ ಉರುಳಿಸಿಕೊಂಡು ಬಂದರು. ‘ಟ್ರಾಲಿ ಎಳ್ಯೋರು ಕಟ್ಟಿಗಿ ಇಟ್ಕೊಬೇಕಪ್ಪಾ ತಮ್ಮಾ’ ಅಂದರು. ಅಂದಿನಿಂದ ಒಂದೂವರೆ ಅಡಿಯ ದಪ್ಪ ಹಲಗೆ ನನ್ನ ಟ್ರಾಲಿಯಲ್ಲಿ ಇದ್ದೇ ಇರುತ್ತದೆ. ಫ್ಯಾಕ್ಟರಿ ಮುಟ್ಟಿದಾಗ ಬೆಳಗಾಗಿತ್ತು. ಸಾಲಿನ ನಂಬರ್ ಹೋಗಿತ್ತು. ಮತ್ತೆ ಒಂದು ಹಗಲು ಯಾರ್ಡಿನಲ್ಲಿ ನಿಂತು ಕಬ್ಬು ಒಣಗಿತು. ಕಡಿದ ಕಬ್ಬು ಒಣಗಿದಷ್ಟೂ ತೂಕ ನಮ್ಮದೇ ಹೋಗುತ್ತದೆ.

ಇಷ್ಟಾದರೂ ನಾನು ರೀಸೋಲ್ ಬಿಟ್ಟಿಲ್ಲ. ಹಾಕಿಸುವ ರೀತಿ ಬದಲಾಗಿದೆ. ನಮ್ಮದೇ ಟೈರ್ ಕೊಡುತ್ತೇನೆ, ನಮ್ಮದೇ ಟೈರ್ ವಾಪಸ್ ಬೇಕು ಅಂತ ಸೈಡಿನ ಮೇಲೆ ಗುರುತು ಹಾಕಿ ಕೊಡುತ್ತೇನೆ. ಐದು ವರ್ಷದ ಒಳಗಿನ ಕೇಸಿಂಗ್ ಮಾತ್ರ, ಒಂದೇ ಸಲ ಮಾತ್ರ. ಕೊಡುವ ಮೊದಲು ಟೈರಿನ ಒಳಗೆ ಬ್ಯಾಟರಿ ಬಿಟ್ಟು ನೋಡುತ್ತೇನೆ. ಒಳ ಸೈಡಿನ ಸುತ್ತ ಮಡಿಕೆ ಬಿದ್ದ ಹಾಗೆ ಒಂದು ಗೆರೆ ಇದ್ದು, ಬೆರಳಿಗೆ ಕಪ್ಪು ಪುಡಿ ಹತ್ತಿದರೆ ಆ ಟೈರ್ ಗಾಳಿ ಇಲ್ಲದೆ ಓಡಿದೆ ಅಂತ ಅರ್ಥ. ದಾರ ಎದ್ದಿದ್ದರೆ, ಅಂಚಿನ ತಂತಿ ಕಂಡರೆ ಕತೆ ಮುಗಿಯಿತು. ಅಂಥದ್ದಕ್ಕೆ ರಬ್ಬರ್ ಹಾಕಿಸಬೇಡಿ. ಮೇವಿನ ದೋಣಿ ಮಾಡಿಕೊಳ್ಳಿ, ಆಡು ಕುರಿ ನಿಮ್ಮನ್ನು ನೆನೆಸುತ್ತವೆ.

ಲಾರಿಯಿಂದ ಬಿಚ್ಚಿದ್ದು

20 ಇಂಚಿನ ಡಿಸ್ಕ್ ಇರುವ ಟ್ರಾಲಿಗಳಿಗೆ ಲಾರಿಯ ಹಳೇ ಟೈರ್ ಬೇಕಾದಷ್ಟು ಸಿಗುತ್ತವೆ. 16ರ ಡಿಸ್ಕಿಗೆ ಸಣ್ಣ ಲಾರಿಗಳ 8.25-16 ಕೂಡ ಬರುತ್ತದೆ. ರೇಟ್ ಕೇಳಿದರೆ ಖುಷಿಯಾಗುತ್ತದೆ. ಒಂದು ಅಚ್ಚಿನ ಎಡಕ್ಕೆ 9.00, ಬಲಕ್ಕೆ 8.25 ಹಾಕಿದರೆ ಮಾತ್ರ ಗಾಲಿಯ ಎತ್ತರ ಬೇರೆ ಬೇರೆ ಆಗುತ್ತದೆ, ಟ್ರಾಲಿ ಸಣ್ಣದರ ಕಡೆ ವಾಲುತ್ತದೆ, ಸಣ್ಣದೇ ಜಾಸ್ತಿ ಹೊರುತ್ತದೆ.

ಲಾರಿಯವನು ಟೈರ್ ಯಾಕೆ ಬಿಚ್ಚಿದ ಅಂತ ಯೋಚಿಸಿ. ಸವೆದಿದ್ದಕ್ಕೆ ಬಿಚ್ಚಿದ್ದರೆ ಪರವಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಲಾರಿಯಂಥ ಗಾಡಿಗೆ ಗ್ರಿಪ್ ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಇರಬಾರದು ಅಂತ ಇದೆ, ಅದರ ಹತ್ತಿರ ಬಂದಾಗ ಬಿಚ್ಚುತ್ತಾರೆ. ಆದರೆ ಉಬ್ಬಿದ್ದಕ್ಕೆ, ಒಂದೇ ಕಡೆ ತಿಂದಿದ್ದಕ್ಕೆ, ಒಳಗೆ ಪ್ಯಾಚ್ ಹಾಕಿ ಸಾಕಾಗಿದ್ದಕ್ಕೆ ಬಿಚ್ಚಿದ್ದೂ ಅದೇ ರಾಶಿಯಲ್ಲಿ ಇರುತ್ತದೆ. ಕಪ್ಪು ಪಾಲಿಶ್ ಹೊಡೆದು ಮಿಂಚುತ್ತಿದ್ದರೆ ಇನ್ನೂ ಅನುಮಾನ ಪಡಿ. ಸೈಡ್ ಮೇಲೆ ಮೊಣಕಾಲು ಒತ್ತಿ ಬಗ್ಗಿಸಿ ನೋಡಿ. ಪಾಲಿಶ್ ಕೆಳಗಿನ ಬಿರುಕು ಆಗ ಬಾಯಿ ಬಿಡುತ್ತದೆ. ಗೊಬ್ಬರ ಹೇರಲು, ಮನೆಯಿಂದ ಹೊಲಕ್ಕೆ ಎರಡು ಮೈಲಿ ಓಡಿಸಲು ಇದು ಸಾಕು. ಕಬ್ಬಿಗೆ, ಕಲ್ಲಿಗೆ ಬೇಡ.

ದುಡ್ಡಿನ ಲೆಕ್ಕ

ಲೆಕ್ಕಕ್ಕೆ ಸುಲಭ ಆಗಲಿ ಅಂತ ಹೊಸದು 12 ಸಾವಿರ, ರೀಸೋಲ್ 4 ಸಾವಿರ, ಹಳೆ ಲಾರಿಯದು 3 ಸಾವಿರ ಅಂತ ಹಿಡಿಯೋಣ. ನಿಮ್ಮ ಅಂಗಡಿಯ ರೇಟ್ ಹಾಕಿ ನೀವೇ ಮಾಡಿ. ಹೊಸದು ಆರು ಹಂಗಾಮು ಬಂದರೆ ಹಂಗಾಮಿಗೆ 2 ಸಾವಿರ. ರೀಸೋಲ್ ಎರಡು ಹಂಗಾಮು ಬಂದರೆ ಅದೂ 2 ಸಾವಿರವೇ. ಹಳೆಯದು ಒಂದೇ ಹಂಗಾಮಿಗೆ ಮುಗಿದರೆ 3 ಸಾವಿರ. ಅಂದರೆ ಅಗ್ಗದ್ದೇ ತುಟ್ಟಿ. ಇದರಲ್ಲಿ ಸಿಡಿದಾಗ ಹೋಗುವ ಟ್ಯೂಬ್, ಫ್ಲಾಪ್ (ಟ್ಯೂಬಿಗೂ ಡಿಸ್ಕಿಗೂ ನಡುವೆ ಕೂರುವ ರಬ್ಬರ್ ಪಟ್ಟಿ), ನಿಂತ ದಿನದ ಬಾಡಿಗೆ, ಕೂತ ಕಬ್ಬು ಕಡಿಯುವ ಗ್ಯಾಂಗಿನ ಊಟ ಸೇರಿಲ್ಲ. ಆದರೆ ನವೆಂಬರಿನಲ್ಲಿ ಕೈಯಲ್ಲಿ ಇರುವುದೇ 4 ಸಾವಿರ ಆದರೆ ಈ ಲೆಕ್ಕ ಯಾರಿಗೆ ಬೇಕು? ಅದು ನನಗೂ ಗೊತ್ತು. ಅದಕ್ಕೇ ಎಂಟೂ ಒಟ್ಟಿಗೆ ಬದಲಿಸುವ ಯೋಚನೆ ಬಿಟ್ಟು ವರ್ಷಕ್ಕೆ ಎರಡು ಹೊಸದು ತರುತ್ತೇನೆ.

ಆ ಎರಡು ಹೊಸದು ಹೋಗುವುದು ಹಿಂದಿನ ಅಚ್ಚಿಗೆ. ಎರಡೂ ಒಂದೇ ಅಚ್ಚಿಗೆ. ಅಲ್ಲಿದ್ದವು ಮುಂದಿನ ಅಚ್ಚಿಗೆ ಬರುತ್ತವೆ. ರೀಸೋಲ್ ಇದ್ದರೆ ಮುಂದೆ, ಅದೂ ಟ್ರ್ಯಾಕ್ಟರಿಗೆ ಹತ್ತಿರದ ಟ್ರಾಲಿಗೆ. ಅಲ್ಲಿ ಸದ್ದಾದರೆ ಸೀಟಿನ ಮೇಲೆ ಕೂತವನಿಗೆ ಕೇಳುತ್ತದೆ. ಹಿಂದಿನ ಟ್ರಾಲಿಯದು ಸಿಡಿದರೂ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಎಷ್ಟೋ ಡ್ರೈವರ್‌ಗಳ ಟೇಪಿನ ಸದ್ದು ನಿಮಗೆ ಗೊತ್ತೇ ಇದೆ.

ಜಾತ್ರೆಗೆ, ಗಾಣಗಾಪುರಕ್ಕೆ ಟ್ರಾಲಿಯಲ್ಲಿ ಜನ ತುಂಬಿಕೊಂಡು ಹೋಗುವುದು ಇನ್ನೂ ನಡೆದಿದೆ. ಕಾನೂನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಯಾವ ಟೈರ್ ಹಾಕಿದರೂ ಅಷ್ಟೆ.

ಊರಿಗೆ ತಕ್ಕ ಟೈರ್

ನಮ್ಮ ಎರೆ ಭೂಮಿಯಲ್ಲಿ ಒಣಗಿದಾಗ ದೊಡ್ಡ ಶತ್ರು ಕೂಳೆ ಮತ್ತು ಬಳ್ಳಾರಿ ಜಾಲಿ ಮುಳ್ಳು. ಜಾಲಿ ಮುಳ್ಳು ಟೈರಲ್ಲಿ ಮುರಿದು ಒಳಗೇ ಉಳಿಯುತ್ತದೆ. ಟ್ಯೂಬ್ ಪ್ಯಾಚ್ ಹಾಕಿ ಕೂರಿಸಿದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ಪಂಚರ್. ಟೈರಿನ ಒಳಮೈ ಮೇಲೆ ಹಳೇ ಬಟ್ಟೆ ಆಡಿಸಿ ನೋಡಿ, ಮುಳ್ಳಿನ ತುದಿ ಬಟ್ಟೆಗೆ ಸಿಗುತ್ತದೆ. ಬೆರಳು ಆಡಿಸಿದರೆ ಬೆರಳಿಗೇ ಸಿಗುತ್ತದೆ.

ಶಹಾಬಾದ್, ಚಿತ್ತಾಪುರ ಕಡೆ ಕಲ್ಲಿನ ಖಣಿಗೆ ಇಳಿಯುವ ಟ್ರಾಲಿಗೆ ಫರ್ಸಿ ಚೂರುಗಳು ಚಾಕು ಇದ್ದ ಹಾಗೆ. ಅಲ್ಲಿ ರೇಡಿಯಲ್ ಹೆಸರೇ ಎತ್ತಬೇಡಿ, ದಪ್ಪ ಸೈಡಿನ ನೈಲಾನೇ ಸರಿ. ಬೀದರ್, ಭಾಲ್ಕಿ, ಹುಮನಾಬಾದ್ ಕಡೆ ಕೆಂಪು ಜಂಬಿಟ್ಟಿಗೆ ನೆಲ, ಮುರ್ರಂ ರೋಡು, ಏರಿಳಿತ ಜಾಸ್ತಿ. ಅಲ್ಲಿ ಗ್ರಿಪ್ ಬೇಗ ಸವೆಯುತ್ತದೆ, ಹಾಗಾಗಿ ಕೇಸಿಂಗ್ ಮುದಿಯಾಗುವ ಮೊದಲೇ ರೀಸೋಲಿಗೆ ಬರುತ್ತದೆ. ಅವರಿಗೆ ರೀಸೋಲ್ ನಮಗಿಂತ ಚೆನ್ನಾಗಿ ಒದಗೀತು. ಯಾದಗಿರಿಯ ಶಹಾಪುರ, ಸುರಪುರದ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಮುಳುಗುವುದೇ ತೊಂದರೆ. ಅಲ್ಲಿಗೆ ಅಗಲದ ಟೈರ್ ಬೇಕು, ಹಳೇ ಸಣ್ಣ ಲಾರಿಯ ಕಿರಿದಾದ್ದು ಕೆಸರಿಗೆ ಗುದ್ದಲಿ ಹಾಕಿದ ಹಾಗೆ ಇಳಿಯುತ್ತದೆ.

ಗಾಳಿ, ಟ್ಯೂಬು, ರಿಂಗು

ಯಾವ ಟೈರ್ ಹಾಕಿದರೂ ಗಾಳಿ ಕಮ್ಮಿ ಇದ್ದರೆ ಎಲ್ಲ ಒಂದೇ. ಗಾಳಿ ಕಮ್ಮಿ ಇದ್ದಾಗ ಸೈಡ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಅದರಿಂದ ಕಾವು ಹುಟ್ಟುತ್ತದೆ. ಕಾದ ನೈಲಾನ್ ದಾರ ಬಲ ಕಳೆದುಕೊಳ್ಳುತ್ತದೆ. ಎಷ್ಟು ಪೌಂಡ್ ಅನ್ನುವುದು ಟೈರ್ ಮೇಲೆಯೇ ಬರೆದಿರುತ್ತದೆ. ಬೆಳಿಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗ ನೋಡಿ. 25 ಡಿಗ್ರಿಯಲ್ಲಿ 80 ಪೌಂಡ್ ಹೊಡೆಸಿದ ಟೈರ್ ಓಡಿ ಒಳಗಿನ ಗಾಳಿ 60 ಡಿಗ್ರಿಗೆ ಕಾದರೆ ಮೀಟರಿನಲ್ಲಿ 91ರ ಹತ್ತಿರ ತೋರಿಸುತ್ತದೆ. ‘ಜಾಸ್ತಿ ಆಗ್ಯದ’ ಅಂತ ಅಲ್ಲೇ ಗಾಳಿ ತೆಗೆದರೆ ರಾತ್ರಿ ತಣ್ಣಗಾದಾಗ ಕಮ್ಮಿ ಆಗುತ್ತದೆ. ಮರುದಿನ ಕಮ್ಮಿ ಗಾಳಿಯಲ್ಲಿ 12 ಟನ್ ಹೊರುತ್ತದೆ. ಸುತ್ತಿಗೆಯಿಂದ ಬಡಿದು ಸದ್ದು ಕೇಳುವವರು ಇದ್ದಾರೆ. ಪೂರ್ತಿ ಇಳಿದಿದ್ದರೆ ಗೊತ್ತಾಗುತ್ತದೆ, ಇಪ್ಪತ್ತು ಪೌಂಡ್ ಕಮ್ಮಿ ಇದ್ದರೆ ಯಾವ ಕಿವಿಗೂ ಗೊತ್ತಾಗುವುದಿಲ್ಲ. ಒಂದು ಗೇಜ್ ತಗೊಳ್ಳಿ.

ಹೊಸ ಟೈರಿಗೆ ಹೊಸ ಟ್ಯೂಬ್, ಹೊಸ ಫ್ಲಾಪ್ ಹಾಕಿಸಿ. ಇಲ್ಲಿ ಉಳಿಸಲು ಹೋಗುವವರು ಬಾಳ. ಹಳೇ ಟ್ಯೂಬ್ ಹಿಗ್ಗಿರುತ್ತದೆ, ಒಳಗೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ. ಹಳೇ ಫ್ಲಾಪಿನ ಅಂಚು ಒಣಗಿ ಗಟ್ಟಿಯಾಗಿ ಹೊಸ ಟ್ಯೂಬನ್ನೇ ಕೊಯ್ಯುತ್ತದೆ.

ಟೈರನ್ನು ಹಿಡಿದಿಡುವ ಬೇರೆ ಕಬ್ಬಿಣದ ರಿಂಗ್ ಇರುವ ಡಿಸ್ಕ್ ಆದರೆ ಜೀವದ ಮಾತು. ನಟ್ ಬಿಚ್ಚುವ ಮೊದಲೇ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಗಾಳಿ ತುಂಬುವಾಗ ಡಿಸ್ಕಿನ ತೂತುಗಳಿಂದ ಒಂದು ಸರಪಳಿ ಹಾಯಿಸಿ ಟೈರಿಗೆ ಸುತ್ತಿ, ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಸರಿಯಾಗಿ ಕೂರದ ರಿಂಗ್ ಹಾರಿದರೆ ಎದುರಿಗಿದ್ದವನನ್ನು ಉಳಿಸುವುದಿಲ್ಲ.

ಹಂಗಾಮು ಮುಗಿದ ಮೇಲೆ

ಫ್ಯಾಕ್ಟರಿ ಬಂದ್ ಆದ ವಾರ ಟ್ರಾಲಿಗಳನ್ನು ತೊಳೆದು, ಅಚ್ಚಿನ ಕೆಳಗೆ ದಿಮ್ಮಿ ಕೊಟ್ಟು ಗಾಲಿ ನೆಲ ಬಿಡುವಷ್ಟು ಎತ್ತಿ ನಿಲ್ಲಿಸುತ್ತೇನೆ. ಸೈಡಿಗೆ ಗೋಣಿಚೀಲ ಕಟ್ಟುತ್ತೇನೆ. ಡೀಸೆಲ್, ಸುಟ್ಟ ಆಯಿಲ್ ಸವರುವವರಿದ್ದಾರೆ, ಮಿಂಚುತ್ತದೆ ಅಂತ. ಎಣ್ಣೆ ರಬ್ಬರನ್ನು ತಿನ್ನುತ್ತದೆ, ಸವರಬೇಡಿ. ಗೊಬ್ಬರ ಹೇರಲು ಒಂದೇ ಟ್ರಾಲಿ ಇಳಿಸುತ್ತೇನೆ, ಅದಕ್ಕೆ ಹಳೇ ಟೈರ್‌ಗಳೇ ಸಾಕು.

ಮೊದಲ ವರ್ಷ ಹೀಗೆ ಎತ್ತಿ ನಿಲ್ಲಿಸಿದಾಗ ಓಣಿಯವರು ‘ಟ್ರಾಲಿಗಿ ಏನ್ ಕಾಲ್ ಬ್ಯಾನ್ಯಾಗ್ಯದೇನೋ, ಮಂಚದ ಮ್ಯಾಲ್ ಮಲಗ್ಸೀದಿ’ ಅಂತ ನಕ್ಕರು. ಈ ಏಪ್ರಿಲ್‌ನಲ್ಲಿ ಎದುರು ಮನೆಯ ಮಾಮಾ ಬಂದು ಎರಡು ದಿಮ್ಮಿ ಕೇಳಿಕೊಂಡು ಹೋದರು. ಇನ್ನೂ ವಾಪಸ್ ಬಂದಿಲ್ಲ.